ಮರಗಳಿಗೆ ನಂಬರ್ ಬಿದ್ದಿದೆ, ಉಳಿದಿರುವುದು ನಾಲ್ಕೇ ದಿನ

ಎರಡನೇ ಮೇನ್ | ಸೋಮವಾರ ಬೆಳಿಗ್ಗೆ 7.40

ನಿನ್ನೆ ಹಾಲು ತರಲು ಹೋದಾಗ ಕಣ್ಣಿಗೆ ಬಿತ್ತು. ನಮ್ಮ ಮನೆ ಎದುರಿನ ಹೊಂಗೆ ಮರಕ್ಕೆ ಬಿಳಿ ಬಣ್ಣದಲ್ಲಿ 17 ಅಂತ ಬರೆದಿದ್ದಾರೆ. ಪಕ್ಕದ ಮಳೆಮರಕ್ಕೆ 18. ಬಣ್ಣ ಇನ್ನೂ ಹಸಿ ಇತ್ತು. ತೊಗಟೆಯ ಬಿರುಕಿನಲ್ಲಿ ಇಳಿದು ಏಳರ ಬಾಲ ನೆಲದವರೆಗೆ ಬಂದಿತ್ತು. ರಸ್ತೆಯ ಆ ತುದಿಯಿಂದ ಈ ತುದಿಗೆ ನಡೆದು ಎಣಿಸಿದೆ. ಒಟ್ಟು 43 ಮರ.

18ನೇ ಮರಕ್ಕೆ ಮೊಳೆ ಹೊಡೆದು ನೋಟಿಸ್ ನೇತುಹಾಕಿದ್ದಾರೆ. ರಸ್ತೆ ಅಗಲ ಮಾಡಲು ಮರ ತೆರವು, ಆಕ್ಷೇಪಣೆ ಇದ್ದರೆ ಹತ್ತು ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ತಾರೀಖು ನೋಡಿದರೆ ಆಗಲೇ ಆರು ದಿನ ಕಳೆದಿದೆ. ಕಚೇರಿಯಿಂದ ಈ ಮರಕ್ಕೆ ಒಂದೂವರೆ ಕಿಲೋಮೀಟರ್. ಅಷ್ಟು ದೂರ ಬರಲು ಆ ಕಾಗದಕ್ಕೆ ಆರು ದಿನ ಬೇಕಾಯಿತು!

40 ಅಡಿ ರಸ್ತೆಯನ್ನು 60 ಅಡಿ ಮಾಡುತ್ತಾರಂತೆ. ಉದ್ದ 600 ಮೀಟರ್ ಇರಬಹುದು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಸಾಲದ ಅರ್ಜಿ ಸಾವಿರ ಓದಿದ್ದೇನೆ, ಆಕ್ಷೇಪಣೆ ಒಂದೂ ಬರೆದಿಲ್ಲ. ಹೇಗೆ ಬರೆಯಬೇಕು? ಬರೆದರೆ ಯಾರಾದರೂ ಓದುತ್ತಾರಾ?

ಕಪ್ಪು ಕೋಟು | ಸೋಮವಾರ ಬೆಳಿಗ್ಗೆ 8.15

ಓದುವ ಹಾಗೆ ಬರೆದರೆ ಓದುತ್ತಾರೆ. ಓದದಿದ್ದರೂ ಮುಂದೆ ಕೋರ್ಟಿಗೆ ಹೋದಾಗ ಅದೇ ನಿಮ್ಮ ಮೊದಲ ಕಾಗದ. ‘ಆಗ ಯಾಕೆ ಹೇಳಲಿಲ್ಲ’ ಅನ್ನುವ ಪ್ರಶ್ನೆಗೆ ಉತ್ತರ ಅದು.

ಮರ ನಮ್ಮ ಉಸಿರು, ಮಕ್ಕಳ ಭವಿಷ್ಯ, ಇಂಥದ್ದು ಬರೆದರೆ ‘ಪರಿಶೀಲಿಸಲಾಗಿದೆ’ ಅಂತ ಒಂದು ಸಾಲು ಹಾಕಿ ಫೈಲಿಗೆ ಸೇರಿಸುತ್ತಾರೆ. ಉತ್ತರ ಕೊಡಲೇಬೇಕಾದ ಪ್ರಶ್ನೆ ಕೇಳಿ. ಈ ರಸ್ತೆ 60 ಅಡಿ ಆಗಬೇಕು ಅಂತ ಯಾವ ನಕ್ಷೆಯಲ್ಲಿದೆ? ವಾಹನ ಎಣಿಕೆ ಮಾಡಿದ್ದಾರಾ, ಯಾವತ್ತು, ಎಷ್ಟು ಹೊತ್ತು? 43 ಮರದಲ್ಲಿ ಯಾವ ಮರ ಯಾವ ಕಾರಣಕ್ಕೆ ಅಡ್ಡ? ಬೇರೆ ದಾರಿ ಯೋಚಿಸಿದ್ದರೆ ಅದನ್ನು ಬಿಟ್ಟದ್ದು ಯಾಕೆ?

ಮರದ ಕಾನೂನು 1976ರದು. ರಸ್ತೆ ಮುಂತಾದ ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಜಾಸ್ತಿ ಮರ ಕಡಿಯುವುದಾದರೆ ಜನರಿಗೆ ತಿಳಿಸಿ, ಆಕ್ಷೇಪಣೆ ಕರೆದು, ಆಮೇಲೆ ತೀರ್ಮಾನ ಮಾಡಬೇಕು ಅಂತಿದೆ. ನಿಮ್ಮದು 43. ಈ ಸಂಖ್ಯೆ ನೋಡಿದಾಗಲೆಲ್ಲ ನನಗೆ ಸಣ್ಣ ಕೆಮ್ಮು ಬರುತ್ತದೆ. ಮುಂದಿನ ರಸ್ತೆಯಲ್ಲೂ ನಂಬರ್ ಬಿದ್ದಿದೆಯಾ ನೋಡಿ. ಅದೂ ಇದೇ ಕೆಲಸದ ಭಾಗವಾದರೆ ಎರಡನ್ನೂ ಕೂಡಿಸಿ ಲೆಕ್ಕ ಕೇಳಬಹುದು.

ಎರಡು ಪ್ರತಿ ಒಯ್ಯಿರಿ. ಒಂದಕ್ಕೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಬನ್ನಿ.

ಬೆಳಗಿನ ವಾಕಿಂಗ್ | ಸೋಮವಾರ ಬೆಳಿಗ್ಗೆ 9.02

ಬರೆಯಿರಿ ಮೇಡಂ, ಖಂಡಿತ ಬರೆಯಿರಿ. ಆದರೆ ಬರೀ ಕಾಗದ ನಂಬಿ ಕೂರಬೇಡಿ. ಸ್ಯಾಂಕಿ ಕೆರೆ ನೆನಪಿದೆಯಲ್ವಾ?

1882ರಲ್ಲಿ ಸ್ಯಾಂಕಿ ಎಂಬ ಎಂಜಿನಿಯರ್ ಕಟ್ಟಿಸಿದ ಕೆರೆ ಅದು. ಅದರ ಏರಿ ಪಕ್ಕದ ರಸ್ತೆ ಅಗಲ ಮಾಡುವ ಮಾತು 2011ರಲ್ಲೇ ಬಂದು ಜನ ಹೈಕೋರ್ಟಿಗೆ ಹೋಗಿದ್ದರು. 2023ರಲ್ಲಿ ಮತ್ತೆ ಬಂತು. ಈ ಸಲ ಭಾಷ್ಯಂ ಸರ್ಕಲ್ ಕಡೆಯಿಂದ ಮಲ್ಲೇಶ್ವರ 18ನೇ ಅಡ್ಡರಸ್ತೆ ಕಡೆಗೆ ಒಂದು ಮೇಲ್ಸೇತುವೆ. 50ಕ್ಕೂ ಜಾಸ್ತಿ ಮರ ಹೋಗುವುದಿತ್ತು. ನಾನು ದಿನಾ ಅಲ್ಲೇ ನಡೆಯುವವನು. ಟೆಂಡರ್ ವಿಷಯ ಪೇಪರ್‌ನಲ್ಲಿ ಓದಿ ಗೊತ್ತಾಯಿತು.

ಆಮೇಲೆ ಶಾಲೆ ಮಕ್ಕಳು ಬಂದರು, ಅಜ್ಜಂದಿರು ಬಂದರು, ಸಹಿ ಸಂಗ್ರಹ ಆಯಿತು. ಫೆಬ್ರುವರಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಮೌನವಾಗಿ ನಡೆದೆವು. ಘೋಷಣೆ ಇಲ್ಲ, ಮೈಕ್ ಇಲ್ಲ. ಅದಕ್ಕೂ 70 ಜನರ ಮೇಲೆ ಪೊಲೀಸ್ ಕೇಸ್ ಬಿತ್ತು. ನಮ್ಮ ಹಿಂದಿನ ಸಾಲಿನಲ್ಲಿ ಊರುಗೋಲು ಹಿಡಿದು ನಡೆಯುತ್ತಿದ್ದ ಅಜ್ಜಿ ಕೇಳಿದರು, ‘ಮಾತಾಡಿದ್ರೂ ತಪ್ಪು, ಮಾತಾಡದಿದ್ರೂ ತಪ್ಪಾ?’ ಅಂತ.

ಸೇತುವೆ ಬರಲಿಲ್ಲ. ಬೆಳಿಗ್ಗೆ ಹೋದರೆ ಮರಗಳು ಅಲ್ಲೇ ಇವೆ.

ಹೆಬ್ಬಾಳದಾಚೆ | ಸೋಮವಾರ ಬೆಳಿಗ್ಗೆ 10.30

ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹಾಡುತ್ತೇನೆ.

ನಾನಿರುವುದು ಯಲಹಂಕದ ಆಚೆ. ಕೆಲಸ ಊರೊಳಗೆ. ಹೋಗುವಾಗ ಒಂದೂವರೆ ಗಂಟೆ, ಬರುವಾಗ ಎರಡು. ಮಗಳು ಮಲಗಿದ ಮೇಲೆ ಮನೆ ಸೇರುತ್ತೇನೆ, ಏಳುವ ಮೊದಲು ಹೊರಡುತ್ತೇನೆ. ಊರ ನಡುವೆ ಸೈಟು ಕೊಳ್ಳುವ ಯೋಗ್ಯತೆ ನನಗಿರಲಿಲ್ಲ, ಹಾಗಾಗಿ ದೂರ ಹೋದೆ. ಹಳೇ ಬಡಾವಣೆಯವರು ಪ್ರತಿ ಸಲ ‘ಬೇಡ’ ಅಂತ ಬೋರ್ಡ್ ಹಿಡಿದಾಗ ಒಂದು ಪ್ರಶ್ನೆ ಏಳುತ್ತದೆ. ನಿಮ್ಮ ರಸ್ತೆ ಯಾರದ್ದು?

ನಿಮ್ಮ ಎರಡನೇ ಮೇನ್ ನನಗೆ ಚೆನ್ನಾಗಿ ಗೊತ್ತು. ದೊಡ್ಡ ರಸ್ತೆ ಜಾಮ್ ಆದಾಗ ಅಲ್ಲಿಂದಲೇ ನುಗ್ಗುತ್ತೇನೆ. 40 ಅಡಿ ಅನ್ನುವುದು ಕಾಗದದಲ್ಲಿ. ಎರಡೂ ಕಡೆ ನಿಮ್ಮ ಕಾರು ನಿಂತಿರುತ್ತವೆ. ಗೇಟಿನ ಒಳಗೆ ಕುಂಡ, ಹೊರಗೆ ಕಾರು. ನನಗೆ ಸಿಗುವುದು ಹದಿನೆಂಟು, ಇಪ್ಪತ್ತು ಅಡಿ. ಮರದ ಬಗ್ಗೆ ಪ್ರೀತಿ ಇದ್ದರೆ ಮೊದಲು ಆ ಕಾರು ತೆಗೆಯಿರಿ. ಆಮೇಲೆ ಮಾತಾಡೋಣ.

ಎರಡನೇ ಮೇನ್ | ಸೋಮವಾರ ಬೆಳಿಗ್ಗೆ 10.52

ಹೆಬ್ಬಾಳದಾಚೆಯವರೇ, ಓದಿದಾಗ ಸಿಟ್ಟು ಬಂತು. ಬಾಗಿಲು ತೆಗೆದು ಹೊರಗೆ ನೋಡಿದೆ. ನಮ್ಮ ಕಾರೂ ಹೊರಗೇ ನಿಂತಿದೆ, ಸರಿಯಾಗಿ 17ನೇ ಮರದ ಬುಡದಲ್ಲಿ. ಸಿಟ್ಟು ಎಲ್ಲಿಡಬೇಕೋ ಗೊತ್ತಾಗುತ್ತಿಲ್ಲ.

ಬೆಳಗಿನ ವಾಕಿಂಗ್ | ಸೋಮವಾರ ಬೆಳಿಗ್ಗೆ 11.10

ಪಾರ್ಕಿಂಗ್ ಬೇರೆ ವಿಷಯ, ಮರ ಬೇರೆ ವಿಷಯ. ಕಲಸಬೇಡಿ.

ಹೆಬ್ಬಾಳದಾಚೆ | ಸೋಮವಾರ ಬೆಳಿಗ್ಗೆ 11.14

ಒಂದೇ ವಿಷಯ ಸ್ವಾಮಿ. ಜಾಗ ಇಲ್ಲ ಅಂತ ತಾನೇ ಮರ ಕಡಿಯುವುದು?

ಎರಡು ದಶಕ ಸೈಟಿನಲ್ಲಿ | ಸೋಮವಾರ ರಾತ್ರಿ 9.20

ನಾನು ಸಿವಿಲ್ ಎಂಜಿನಿಯರ್. ರಸ್ತೆ ಕೆಲಸದಲ್ಲೇ ಕೂದಲು ಬೆಳ್ಳಗಾಯಿತು. ಮಧ್ಯಾಹ್ನ ಇದನ್ನು ಓದಿ, ಸಂಜೆ ಹೇಗೂ ಆ ಕಡೆ ಹೋಗುವುದಿತ್ತು, ಆರರಿಂದ ಏಳರವರೆಗೆ ನಿಮ್ಮ ರಸ್ತೆ ತುದಿಯ ಸಿಗ್ನಲ್ ಹತ್ತಿರ ನಿಂತೆ. ಜೊತೆಗೆ ಒಂದು ಟೀ, ಮೊಬೈಲಿನ ಸ್ಟಾಪ್‌ವಾಚ್.

ಸಿಗ್ನಲ್ಲಿನ ಒಂದು ಸುತ್ತು 150 ಸೆಕೆಂಡ್. ಅದರಲ್ಲಿ ನಿಮ್ಮ ರಸ್ತೆಗೆ ಹಸಿರು 32 ಸೆಕೆಂಡ್. ಅಷ್ಟರಲ್ಲಿ ಬೈಕು, ಕಾರು, ಆಟೊ ಎಲ್ಲ ಸೇರಿ 45ರ ಆಸುಪಾಸು ದಾಟುತ್ತವೆ. ಗಂಟೆಗೆ 24 ಸುತ್ತು. ಗುಣಿಸಿದರೆ 1,080. ರಸ್ತೆಯನ್ನು 60 ಅಡಿ ಅಲ್ಲ, 100 ಅಡಿ ಮಾಡಿದರೂ ಆ 32 ಸೆಕೆಂಡ್ 33 ಆಗುವುದಿಲ್ಲ. ಬಾಟಲಿಯ ಹೊಟ್ಟೆ ದೊಡ್ಡದು ಮಾಡಿದರೆ ಕತ್ತು ದೊಡ್ಡದಾಗುತ್ತದಾ? ಜಾಸ್ತಿ ಗಾಡಿ ಒಳಗೆ ಬಂದು ಜಾಸ್ತಿ ಹೊತ್ತು ನಿಲ್ಲುತ್ತವೆ, ಅಷ್ಟೇ.

ಆದರೆ ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು. ಸಿಗ್ನಲ್ ಗೆರೆಯ ಹತ್ತಿರ ಇನ್ನೊಂದು ಸಾಲು ಗಾಡಿ ನಿಲ್ಲಲು ಜಾಗ ಸಿಕ್ಕರೆ ಅದೇ 32 ಸೆಕೆಂಡಿನಲ್ಲಿ ಜಾಸ್ತಿ ಗಾಡಿ ದಾಟುತ್ತವೆ. ಅದಕ್ಕೆ 600 ಮೀಟರ್ ಪೂರ್ತಿ ಬೇಡ. ಕೊನೆಯ 60 ಮೀಟರ್ ಸಾಕು. ಆ 60 ಮೀಟರಿನಲ್ಲಿ ನಾನು ಎಣಿಸಿದ್ದು ಹೀಗೆ: ಎಡಗಡೆ 9 ಕಾರು, ಒಂದು ಕೆಟ್ಟು ನಿಂತ ವ್ಯಾನ್ (ನಾಲ್ಕೂ ಟೈರಿನಲ್ಲಿ ಗಾಳಿ ಇಲ್ಲ, ಒಳಗೆ ಬೆಕ್ಕು ಮರಿ ಹಾಕಿದೆ), ಎರಡು ಟ್ರಾನ್ಸ್‌ಫಾರ್ಮರ್. ಮರ ಮೂರು.

ಹೆಬ್ಬಾಳದಾಚೆಯವರು ಅರ್ಧ ಸರಿ. ಮರ ಉಳಿಸುವವರೂ ಅರ್ಧ ಸರಿ. ಕಾರು ತೆಗೆದು ಬಣ್ಣ ಬಳಿದರೆ ಮುಗಿಯುವ ಕೆಲಸಕ್ಕೆ ಜೆಸಿಬಿ ತರುತ್ತಿದ್ದಾರೆ.

ಹೆಬ್ಬಾಳದಾಚೆ | ಸೋಮವಾರ ರಾತ್ರಿ 9.41

ಅರ್ಧ ಸರಿ ಅಂತ ಒಪ್ಪಿಕೊಂಡಿದ್ದೀರಲ್ಲ, ಇವತ್ತಿಗೆ ಅಷ್ಟು ಸಾಕು. ಈಗಷ್ಟೇ ಮನೆ ಸೇರಿದೆ.

ಮೂಲೆ ಅಂಗಡಿ | ಸೋಮವಾರ ರಾತ್ರಿ 10.05

ಮರಕ್ಕೆ ನಂಬರ್ ಹಾಕಿದ ದಿನವೇ ನಮ್ಮ ಗೋಡೆಗೂ ಕೆಂಪು ಗೆರೆ ಎಳೆದು ಹೋಗಿದ್ದಾರೆ, ಅದನ್ನು ಯಾರೂ ಬರೆಯಲಿಲ್ಲ. ಅಂಗಡಿಯ ಅಗಲ 12 ಅಡಿ, ಆಳ 10 ಅಡಿ. ಗೆರೆ ಇರುವುದು ಆಳದಲ್ಲಿ ಆರನೇ ಅಡಿಗೆ. ಅಂದರೆ ನನಗೆ ಉಳಿಯುವುದು ನಾಲ್ಕು ಅಡಿ. ಫ್ರಿಜ್ ಇಟ್ಟರೆ ನಾನು ಹೊರಗೆ ನಿಲ್ಲಬೇಕು, ನಾನು ನಿಂತರೆ ಫ್ರಿಜ್ ಹೊರಗೆ.

ಮಾಲೀಕರಿಗೆ ದುಡ್ಡಿನ ಬದಲು ಟಿಡಿಆರ್ ಕಾಗದ ಕೊಡುತ್ತಾರಂತೆ. ಅದನ್ನು ಬಿಲ್ಡರ್‌ಗೆ ಮಾರಬಹುದಂತೆ. ನಾನು 19 ವರ್ಷದಿಂದ ಬಾಡಿಗೆಗೆ ಇರುವವನು. ನನಗೆ ಯಾವ ಕಾಗದ?

ಕಪ್ಪು ಕೋಟು | ಸೋಮವಾರ ರಾತ್ರಿ 10.30

ಕಷ್ಟದ ಪ್ರಶ್ನೆ. ಟಿಡಿಆರ್ ಅನ್ನುವುದು ಜಾಗ ಬಿಟ್ಟುಕೊಟ್ಟವರಿಗೆ ಬೇರೆ ಕಡೆ ಹೆಚ್ಚುವರಿಯಾಗಿ ಕಟ್ಟುವ ಹಕ್ಕು. ಅದು ಜಾಗದ ಮಾಲೀಕರಿಗೆ ಸೇರುತ್ತದೆ, ಬಾಡಿಗೆಯವರಿಗೆ ಅಲ್ಲ. ಮಾಲೀಕರಿಗೂ ಅದು ಅಷ್ಟು ಸುಲಭವಲ್ಲ. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡಲು ಬೇಕಾದ ಅರಮನೆ ಮೈದಾನದ 15 ಎಕರೆ ಚಿಲ್ಲರೆ ಜಾಗಕ್ಕೆ ಟಿಡಿಆರ್ ಲೆಕ್ಕ 3,000 ಕೋಟಿ ರೂಪಾಯಿ ದಾಟಿ, ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಅರಮನೆಯವರ ಪಾಡೇ ಹಾಗಾದರೆ 12 ಅಡಿ ಅಂಗಡಿಯ ಗತಿ ಏನು ಅಂತ ನೀವೇ ಲೆಕ್ಕ ಹಾಕಿ.

ನೀವೂ ಒಂದು ಆಕ್ಷೇಪಣೆ ಕೊಡಿ. ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್ ಪ್ರತಿ ಲಗತ್ತಿಸಿ. ಬಾಡಿಗೆದಾರರೂ ಬಾಧಿತರು ಅನ್ನುವುದು ಫೈಲಿನೊಳಗೆ ಹೋಗಲಿ. ಗೋಡೆ ಮುಟ್ಟಬೇಕಾದರೆ ಭೂಸ್ವಾಧೀನವೋ ಒಪ್ಪಂದವೋ ಏನಾದರೊಂದು ಆಗಿರಬೇಕು. ಕೆಂಪು ಗೆರೆ ಎಳೆದ ಮಾತ್ರಕ್ಕೆ ಜಾಗ ಅವರದ್ದಾಗುವುದಿಲ್ಲ.

ಸರಪಳಿಯಲ್ಲಿ ನಿಂತವಳು | ಮಂಗಳವಾರ ಬೆಳಿಗ್ಗೆ 6.50

ಉಕ್ಕಿನ ಸೇತುವೆಯ ಮಾತು ಯಾರೂ ಎತ್ತಲಿಲ್ಲವಲ್ಲ! ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, 812 ಮರ. ಈ ಅಂಕಿಗಳು ನನಗೆ ಮಗ್ಗಿ ಹಾಗೆ ಬಾಯಿಪಾಠ. 2016ರ ಅಕ್ಟೋಬರ್ 16, ಭಾನುವಾರ. ನಾವು ಮಾನವ ಸರಪಳಿಯಲ್ಲಿ ನಿಂತಿದ್ದೆವು. ಆ ಕಡೆ ಕೈ ಹಿಡಿದವರು ಯಾರೋ ಗೊತ್ತಿಲ್ಲ, ಈ ಕಡೆ ಹಿಡಿದವರೂ ಗೊತ್ತಿಲ್ಲ. ಒಬ್ಬರ ಅಂಗೈಯಲ್ಲಿ ಬಸ್ ಟಿಕೆಟ್ ಇತ್ತು, ಬೆವರಿಗೆ ಒದ್ದೆಯಾಗಿ ನನ್ನ ಕೈಗೂ ಅಂಟಿತು.

ಅದಕ್ಕೂ ಮೊದಲು ಜನರ ಅಭಿಪ್ರಾಯ ಕೇಳಿದ ಶಾಸ್ತ್ರ ಆಗಿತ್ತು. 299 ಪ್ರತಿಕ್ರಿಯೆ ಬಂದಿವೆ, ಶೇ 73 ಜನ ಪರವಾಗಿದ್ದಾರೆ ಅಂದರು. ಇಡೀ ಬೆಂಗಳೂರಿಗೆ 299! ನಮ್ಮ ಮದುವೆಗೆ ಅದಕ್ಕಿಂತ ಜಾಸ್ತಿ ಜನ ಬಂದಿದ್ದರು.

ಅದೇ ತಿಂಗಳ ಕೊನೆಗೆ ಹಸಿರು ನ್ಯಾಯಮಂಡಳಿಯ ತಡೆ ಬಂತು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆ ಕೈಬಿಟ್ಟಿತು. 2019ರಲ್ಲಿ ಅದೇ ಮಾತು ಮತ್ತೆ ಎದ್ದಿತು, ಮತ್ತೆ ಮಲಗಿತು. ಯೋಜನೆಗಳು ಸಾಯುವುದಿಲ್ಲ ಕಣ್ರೀ, ಫೈಲಿನೊಳಗೆ ನಿದ್ದೆ ಮಾಡುತ್ತವೆ.

ಹೆಬ್ಬಾಳದಾಚೆ | ಮಂಗಳವಾರ ಬೆಳಿಗ್ಗೆ 7.25

ಆ ಸೇತುವೆ ಬೇಡ ಅಂದಿರಿ, ಸರಿ. ನಾನಂತೂ ಈಗಲೂ ಅದೇ ಹೆಬ್ಬಾಳದಲ್ಲಿ ನಿಂತಿದ್ದೇನೆ, ಈ ಸಾಲು ಟೈಪ್ ಮಾಡುವಾಗಲೂ ಅಲ್ಲೇ (ಬಸ್ಸಿನಲ್ಲಿ, ಗಾಬರಿ ಬೇಡ). ‘ಬೇಡ’ ಅಂದವರು ‘ಬದಲಿಗೆ ಇದು ಬೇಕು’ ಅಂತಲೂ ಅಷ್ಟೇ ಜೋರಾಗಿ ಸರಪಳಿ ಕಟ್ಟಿದ್ದರಾ?

ಸರಪಳಿಯಲ್ಲಿ ನಿಂತವಳು | ಮಂಗಳವಾರ ಬೆಳಿಗ್ಗೆ 7.40

ಜೋರಾಗಿ ಕಟ್ಟಲಿಲ್ಲ. ಉಪನಗರ ರೈಲು ಬೇಕು, ಬಸ್ಸು ಜಾಸ್ತಿ ಮಾಡಿ ಅಂತ ಹೇಳಿದವರಿದ್ದರು. ಆದರೆ ‘ಬೇಡ’ಕ್ಕೆ ಬಂದಷ್ಟು ಜನ ‘ಬೇಕು’ಗೆ ಬರಲಿಲ್ಲ. ಒಪ್ಪುತ್ತೇನೆ.

ಮೀಟರ್ ಹಾಕ್ತೀನಿ | ಮಂಗಳವಾರ ಮಧ್ಯಾಹ್ನ 1.15

ಆಟೊ ಓಡಿಸುವವನ ಮಾತನ್ನೂ ಕೇಳಿ. ಮೇಲೆ ಸೇತುವೆಯ ಮಾತು ಮುಗಿಯಿತು, ಈಗ ಕೆಳಗೆ ಸುರಂಗದ ಮಾತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುಮಾರು 17 ಕಿಲೋಮೀಟರ್, 17 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಒಳಗೆ ಬೈಕಿಗೆ, ಆಟೊಗೆ ಪ್ರವೇಶ ಇಲ್ಲವಂತೆ. ಕಾರಿನವರು ಟೋಲ್ ಕೊಟ್ಟು ಹೋಗಬೇಕು. ಈ ಊರಲ್ಲಿ ಜಾಸ್ತಿ ಇರುವುದು ಟೂ ವೀಲರ್. ಅವರನ್ನೂ ನಮ್ಮನ್ನೂ ಬಿಟ್ಟು ಉಳಿದವರಿಗೆ ರಸ್ತೆ.

ಆ ಸುರಂಗಕ್ಕೆ ಲಾಲ್‌ಬಾಗ್ ಜಾಗದ ಮಾತು ಬಂದಾಗ ಎಲ್ಲರೂ ಎದ್ದರು. ಅಲ್ಲಿನ ಬಂಡೆ 300 ಕೋಟಿ ವರ್ಷದ್ದಂತೆ, ಎದ್ದಿದ್ದು ಒಳ್ಳೆಯದೇ. ಆದರೆ ಆಟೊ ಬಿಡುವುದಿಲ್ಲ ಅಂದಾಗ ಯಾರೂ ಏಳಲಿಲ್ಲ. ಬಂಡೆಗಿರುವ ಬೆಲೆ ನಮಗಿಲ್ಲ ಅನ್ನಿ!

ಎರಡು ದಶಕ ಸೈಟಿನಲ್ಲಿ | ಮಂಗಳವಾರ ಮಧ್ಯಾಹ್ನ 2.00

ಸರಿಯಾಗಿ ಹೇಳಿದಿರಿ. ಸುರಂಗವನ್ನು ಕೊರೆಯಬಹುದು, ಅದು ತಂತ್ರದ ಮಾತು. ಆದರೆ ಕಾರು ಎಲ್ಲೋ ಒಂದು ಕಡೆ ಮೇಲೆ ಬರಲೇಬೇಕು. ಬರುವ ಜಾಗದಲ್ಲಿ ನಿಮ್ಮ ಎರಡನೇ ಮೇನ್‌ನಂಥ ರಸ್ತೆ ಇರುತ್ತದೆ, ತುದಿಯಲ್ಲಿ 32 ಸೆಕೆಂಡಿನ ಸಿಗ್ನಲ್ ಇರುತ್ತದೆ. ಬಾಟಲಿ ಭೂಮಿಯೊಳಗೆ ಹೋಯಿತು, ಕತ್ತು ಮೇಲೇ ಉಳಿಯಿತು.

ದೊಡ್ಡ ಕೆಲಸ ಶುರು ಮಾಡುವುದು ಸುಲಭ. ಈಜಿಪುರ ಮೇಲ್ಸೇತುವೆ ನೋಡಿ. ಎರಡೂವರೆ ಕಿಲೋಮೀಟರ್ ಮಾತ್ರ. 2017ರಲ್ಲಿ ಶುರು, 2019ಕ್ಕೆ ಮುಗಿಯಬೇಕಿತ್ತು. ವರ್ಷಗಟ್ಟಲೆ ಕಂಬಗಳು ತಲೆ ಇಲ್ಲದೆ ನಿಂತಿದ್ದವು. ಕೆಳಗಿನ ಅಂಗಡಿಯವರು ಧೂಳು ತಿಂದರು.

ಮೈಸೂರಿನಿಂದ | ಮಂಗಳವಾರ ಸಂಜೆ 5.30

ನಮ್ಮಲ್ಲಿ 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ 40 ಮರ ರಾತ್ರೋರಾತ್ರಿ ನೆಲಕ್ಕೆ ಬಿದ್ದವು. ಬೆಳಿಗ್ಗೆ ಹೋದರೆ ಆಕಾಶ ಕಾಣುತ್ತಿತ್ತು. ಜನ ಬೀದಿಗಿಳಿದರು, ದೀಪ ಹಚ್ಚಿದರು. ಕಡಿದದ್ದು ಕಡಿದಾಗಿತ್ತು. ನಿಮಗೆ ನಾಲ್ಕು ದಿನವಾದರೂ ಸಿಕ್ಕಿದೆ. ರಾತ್ರಿ ಗರಗಸದ ಸದ್ದು ಕೇಳಿದರೆ ಎದ್ದು ಹೋಗಲು ಹತ್ತು ಜನರ ಒಂದು ಗುಂಪು ಮಾಡಿಟ್ಟುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ.

ಪೇಡೆ ಊರು | ಮಂಗಳವಾರ ಸಂಜೆ 6.10

ಹುಬ್ಬಳ್ಳಿ ಧಾರವಾಡದ ಕತೆಯನ್ನೂ ಸೇರಿಸಿಕೊಳ್ಳಿ. ಚಿಗರಿ ಬಸ್ಸಿಗಾಗಿ 22 ಕಿಲೋಮೀಟರ್ ರಸ್ತೆ ಅಗಲ ಮಾಡಿದರು. ನೆರಳು ಹೋಯಿತು. ಬಸ್ಸು ಒಳ್ಳೆಯದೇ, ನಾನೂ ಅದರಲ್ಲೇ ಓಡಾಡುತ್ತೇನೆ. ಆದರೆ ದೊಡ್ಡ ಮಳೆ ಬಂದರೆ ಟೋಲ್‌ನಾಕಾದಲ್ಲಿ ಮೊಣಕಾಲುದ್ದ ನೀರು. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತು ಅನ್ನುವುದು ಅಲ್ಲಿನ ಅಜ್ಜಂದಿರಿಗೆ ಗೊತ್ತಿತ್ತು. ನಿಮ್ಮ ಆಕ್ಷೇಪಣೆಯಲ್ಲಿ ಚರಂಡಿ ಬಗ್ಗೆ ಒಂದು ಸಾಲು ಹಾಕಿ. ಮರಕ್ಕಿಂತ ಚರಂಡಿ ಪ್ರಶ್ನೆಗೆ ಎಂಜಿನಿಯರ್‌ಗಳು ಬೇಗ ಬೆವರುತ್ತಾರೆ.

ಎರಡನೇ ಮೇನ್ | ಬುಧವಾರ ಸಂಜೆ 6.40

ಇವತ್ತು ಹೋಗಿ ಬಂದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿನ್ನೆ ರಾತ್ರಿ ಎರಡು ಪುಟ ಬರೆದೆ. ಕಪ್ಪು ಕೋಟಿನವರ ನಾಲ್ಕು ಪ್ರಶ್ನೆ, ಎಂಜಿನಿಯರ್ ಎಣಿಸಿದ 32 ಸೆಕೆಂಡ್, ಧಾರವಾಡದವರ ಚರಂಡಿ. ಬದಲಿ ದಾರಿ ಅಂತ ಒಂದು ಪ್ಯಾರಾ: ಕೊನೆಯ 60 ಮೀಟರಿನಲ್ಲಿ ಪಾರ್ಕಿಂಗ್ ನಿಷೇಧ, ಟ್ರಾನ್ಸ್‌ಫಾರ್ಮರ್ ಸ್ಥಳಾಂತರ, ಉಳಿದ ಕಡೆ ಒಂದೇ ಬದಿಗೆ ಪಾರ್ಕಿಂಗ್. ಕೈ ನಡುಗುತ್ತಿತ್ತು, ಯಾಕೆಂದರೆ ಆ ಸಾಲು ಬರೆದಾಗ ನಮ್ಮ ಕಾರಿಗೂ ಜಾಗ ಹೋಯಿತು. ಅಕ್ಕಪಕ್ಕದ 31 ಮನೆಯವರ ಸಹಿ ಸಿಕ್ಕಿತು. ಮರ ಉಳಿಯಲಿ ಅಂದವರು ಎಲ್ಲರೂ. ಪಾರ್ಕಿಂಗ್ ಪ್ಯಾರಾ ಓದಿ ಪೆನ್ನು ವಾಪಸ್ ಕೊಟ್ಟವರು ಆರು ಜನ. ಅವರನ್ನು ಬಿಟ್ಟು 31.

ಕಚೇರಿಯಲ್ಲಿ ಮೊದಲು ‘ಇದು ಇಲ್ಲಿ ಅಲ್ಲ’ ಅಂದರು. ಎರಡನೇ ಮಹಡಿಗೆ ಹೋದೆ, ‘ಕೆಳಗೆ ಕೊಡಿ’ ಅಂದರು. ಕೆಳಗೆ ಬಂದಾಗ ಊಟದ ಸಮಯ. ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತೆ. ಕೊನೆಗೆ ಸೀಲು ಹಾಕಿದರು. ಇಂಕ್ ಒಣಗಿತ್ತು. ಬಾಯಿಯ ಹಬೆ ಊದಿ ಒತ್ತಿದರು, ಅರ್ಧ ಮೂಡಿತು. ಇನ್‌ವರ್ಡ್ ನಂಬರ್ ಮಾತ್ರ ಪೆನ್ನಿನಲ್ಲಿ ಬರೆಸಿಕೊಂಡೆ.

ಆಮೇಲೆ, ಬ್ಯಾಂಕಿನ ಅಭ್ಯಾಸ ನೋಡಿ, ಫೈಲ್ ತೋರಿಸಿ ಅಂತ ಕೇಳಿದೆ. ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನ ಆಗುತ್ತೆ ಅಂದರು. ಆಕ್ಷೇಪಣೆಗೆ 10 ದಿನ, ಮಾಹಿತಿಗೆ 30 ದಿನ! ಇದು ಯಾವ ಲೆಕ್ಕ ಅಂತ ಕೇಳಿದಾಗ ಮೇಜಿನ ಆಚೆಗಿದ್ದ ಹುಡುಗ ನಕ್ಕುಬಿಟ್ಟ. ಪಾಪ, ಒಳ್ಳೆಯವನು. ‘ಕೂತ್ಕೊಳ್ಳಿ ಆಂಟಿ’ ಅಂತ ಫೈಲ್ ತೆಗೆದು ಮುಂದಿಟ್ಟ.

ಫೈಲಿನಲ್ಲಿ ವಾಹನ ಎಣಿಕೆಯ ಹಾಳೆ ಇಲ್ಲ. ಚರಂಡಿ ನಕ್ಷೆ ಇಲ್ಲ. ವರದಿ ಪೂರ್ತಿ ಇಂಗ್ಲಿಷ್‌ನಲ್ಲಿದೆ, ಕನ್ನಡದಲ್ಲಿರುವುದು ಮರಕ್ಕೆ ಹೊಡೆದ ಆ ಒಂದು ನೋಟಿಸ್ ಮಾತ್ರ. ಮತ್ತೆ, ಇದನ್ನು ಎರಡು ಸಲ ಓದಿ ಖಚಿತ ಮಾಡಿಕೊಂಡೆ, ಗುತ್ತಿಗೆದಾರರಿಗೆ ಕಾರ್ಯಾದೇಶ ಕೊಟ್ಟ ತಾರೀಖು ನೋಟಿಸಿನ ತಾರೀಖಿಗಿಂತ ಮೂರು ವಾರ ಹಿಂದಿನದು.

ಸಾಲ ಮಂಜೂರು ಮಾಡಿ, ದುಡ್ಡು ಕೊಟ್ಟು, ಆಮೇಲೆ ‘ಈ ಮನುಷ್ಯನಿಗೆ ಸಾಲ ಕೊಡಬಹುದಾ’ ಅಂತ ಕೇಳಿದ ಹಾಗಾಯಿತು. ನಮ್ಮ ಬ್ಯಾಂಕಿನಲ್ಲಿ ಹೀಗೆ ಮಾಡಿದ್ದರೆ ನನ್ನ ಪೆನ್ಷನ್ ನಿಂತು ಹೋಗುತ್ತಿತ್ತು.

ಕಪ್ಪು ಕೋಟು | ಬುಧವಾರ ಸಂಜೆ 6.58

ಆ ಪುಟದ ಪ್ರತಿ ಸಿಕ್ಕಿತಾ? ಅದೇ ನಿಮ್ಮ ಇಡೀ ಕೇಸು.

ಇವತ್ತೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಹಾಗಾಗಿ ಕತೆ ಬೇಡ. ಪ್ರತಿ ಕೇಳುವುದರ ಜೊತೆಗೆ ಫೈಲ್ ಪರಿಶೀಲನೆಗೂ ಅವಕಾಶ ಕೇಳಿ, ಅದು ಕಾನೂನಿನಲ್ಲೇ ಇದೆ. ನಾಳೆ ಒಂದು ಹೆಚ್ಚುವರಿ ಆಕ್ಷೇಪಣೆ ಕೊಡಿ. ಒಂದೇ ವಾಕ್ಯ ಸಾಕು: ಕಾರ್ಯಾದೇಶ ಮೊದಲು, ಆಕ್ಷೇಪಣೆ ಆಮೇಲೆ ಆದ್ದರಿಂದ ಈ ಆಹ್ವಾನ ಬರೀ ಹೆಸರಿಗೆ. ಎರಡೂ ತಾರೀಖು ಹಾಕಿ. ವಿಶೇಷಣ ಒಂದೂ ಬೇಡ.

ಎರಡನೇ ಮೇನ್ | ಬುಧವಾರ ಸಂಜೆ 7.05

ಪ್ರತಿ ಕೊಡಲಿಲ್ಲ. ಆ ಹುಡುಗನಿಗೆ ತೊಂದರೆ ಆಗಬಾರದು ಅಂತ ಮೊಬೈಲ್ ತೆಗೆಯಲಿಲ್ಲ. ಕಡತದ ಸಂಖ್ಯೆ, ಪುಟ ಸಂಖ್ಯೆ, ತಾರೀಖು ಮೂರನ್ನೂ ಸೀರೆ ಅಂಗಡಿಯ ಬಿಲ್ಲಿನ ಹಿಂದೆ ಬರೆದುಕೊಂಡೆ.

ಮೂಲೆ ಅಂಗಡಿ | ಬುಧವಾರ ರಾತ್ರಿ 8.20

ನಾನೂ ಕೊಟ್ಟೆ. ನನ್ನದಕ್ಕೆ ಸೀಲು ಪೂರ್ತಿ ಮೂಡಿದೆ.

ವೇದಿಕೆ ನೋಡಿಕೊಳ್ಳುವವರು | ಬುಧವಾರ ರಾತ್ರಿ 8.45

ಒಬ್ಬರು ಅಧಿಕಾರಿಯ ಫೋನ್ ನಂಬರ್ ಹಾಕಿದ್ದರು, ತೆಗೆದಿದ್ದೇನೆ. ಹೆಸರು, ನಂಬರ್ ಬೇಡ. ಕಾಗದದ ಮೇಲೆ ಜಗಳ ಮಾಡಿ.

ಬೆಳಗಿನ ವಾಕಿಂಗ್ | ಬುಧವಾರ ರಾತ್ರಿ 9.10

ಮೊದಲಾದರೆ ಕಾರ್ಪೊರೇಟರ್ ಮನೆ ಬಾಗಿಲು ತಟ್ಟುತ್ತಿದ್ದೆವು. ಬೈದರೂ ಕಾಫಿ ಕೊಟ್ಟು ಬೈಯುತ್ತಿದ್ದರು. 2020ರ ಸೆಪ್ಟೆಂಬರ್ 10ಕ್ಕೆ ಅವರ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ದಾಟಿದರೂ ಚುನಾವಣೆ ಆಗಲಿಲ್ಲ. ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಬಂದವು. ತಟ್ಟಲು ಬಾಗಿಲು ಮಾತ್ರ ಬರಲಿಲ್ಲ.

ಎರಡು ದಶಕ ಸೈಟಿನಲ್ಲಿ | ಬುಧವಾರ ರಾತ್ರಿ 9.35

ಇಡೀ ನಗರದ ನಕ್ಷೆಯ ಕತೆಯೇ ಹಾಗೆ. ನಾವು ಈಗಲೂ ಬಳಸುತ್ತಿರುವುದು 2007ರಲ್ಲಿ ಒಪ್ಪಿಗೆಯಾದ, 2015ರ ಹೆಸರಿನ ಮಹಾಯೋಜನೆ. 2031ರದ್ದರ ಕರಡು 2017ರ ನವೆಂಬರ್‌ನಲ್ಲಿ ಬಂತು. 13 ಸಾವಿರಕ್ಕೂ ಜಾಸ್ತಿ ಆಕ್ಷೇಪಣೆ ಬಿದ್ದವು. ಕೊನೆಗೆ ಕರಡನ್ನೇ ವಾಪಸ್ ತೆಗೆದುಕೊಂಡರು. ಹಳೇ ಅಂಗಿ ಹರಿದಿದೆ, ಹೊಸ ಅಂಗಿ ಹೊಲಿಯುವ ಮೊದಲು ಅಳತೆ ತೆಗೆದುಕೊಂಡಿರಲಿಲ್ಲ.

ಅಳತೆ ಅಂದಾಗ ನೆನಪಾಯಿತು. ಎರಡನೇ ಮೇನ್ ಅವರೇ, ನಿಮ್ಮ ರಸ್ತೆ ನಿಜಕ್ಕೂ ಎಷ್ಟು ಅಗಲ ಅಂತ ಯಾರಾದರೂ ಅಳೆದಿದ್ದಾರಾ? 40 ಅಡಿ ಅನ್ನುವುದು ಬಾಯಿಮಾತು. ನನ್ನ ಕಣ್ಣಿಗೆ 46, 47 ಇರಬಹುದು ಅನ್ನಿಸಿತು. ಕೆಲವು ಕಾಂಪೌಂಡುಗಳು ಮುಂದೆ ಬಂದಿರುವ ಅನುಮಾನವೂ ಇದೆ. ಪ್ರತಿ 20 ಮೀಟರಿಗೆ ಒಂದು ಅಳತೆ ಬೇಕು: ಗೋಡೆಯಿಂದ ಗೋಡೆಗೆ, ಮರದಿಂದ ಮರಕ್ಕೆ, ನಿಂತ ಕಾರಿನಿಂದ ಕಾರಿಗೆ. ಶನಿವಾರ ಬೆಳಿಗ್ಗೆ ಆರಕ್ಕೆ ಮಾಡಿದರೆ ಗಾಡಿ ಕಮ್ಮಿ.

ಬೆಳಗಿನ ವಾಕಿಂಗ್ | ಬುಧವಾರ ರಾತ್ರಿ 9.44

ಕಾಂಪೌಂಡ್ ಮುಂದೆ ಬಂದಿರುವುದು ಸಿಕ್ಕಿದರೆ ನಮ್ಮವರೇ ನಮ್ಮ ಮೇಲೆ ಬೀಳುತ್ತಾರೆ. ಯೋಚನೆ ಮಾಡಿ.

ಎರಡನೇ ಮೇನ್ | ಬುಧವಾರ ರಾತ್ರಿ 9.58

ಬೀಳಲಿ. ಅವರ ಫೈಲಿನಲ್ಲಿ ಇಲ್ಲದ್ದನ್ನು ಕೇಳಿ ಬಂದವಳು ನಾನು. ನಮ್ಮ ಕಡೆಯದನ್ನು ಮುಚ್ಚಿಡಲು ಆಗುವುದಿಲ್ಲ. ಅಳೆಯೋಣ.

ಹೆಬ್ಬಾಳದಾಚೆ | ಬುಧವಾರ ರಾತ್ರಿ 10.15

ಶನಿವಾರ ನನಗೆ ರಜೆ. ಟೇಪಿನ ಒಂದು ತುದಿ ನಾನು ಹಿಡಿಯುತ್ತೇನೆ. ನಿಮ್ಮ ಕಡೆಯವನು ಅಂತ ತಿಳಿಯಬೇಡಿ, 60 ಮೀಟರ್ ಪಾರ್ಕಿಂಗ್ ತೆಗೆಯುವ ಮಾತಿಗಾಗಿ ಬರುತ್ತಿದ್ದೇನೆ.

ಮೀಟರ್ ಹಾಕ್ತೀನಿ | ಬುಧವಾರ ರಾತ್ರಿ 10.22

ಆಟೊ ಅಡ್ಡ ನಿಲ್ಲಿಸಿ ಟ್ರಾಫಿಕ್ ನಾನು ನೋಡಿಕೊಳ್ಳುತ್ತೇನೆ. ಆ ಬೆಕ್ಕಿನ ಮರಿ ಇನ್ನೂ ವ್ಯಾನಿನಲ್ಲೇ ಇದ್ದರೆ ಒಂದು ನನಗೆ ಬೇಕು.

ಎರಡನೇ ಮೇನ್ | ಬುಧವಾರ ರಾತ್ರಿ 10.40

ಹಾಗಾದರೆ ಶನಿವಾರ ಆರು ಗಂಟೆ, 17ನೇ ಮರದ ಹತ್ತಿರ. ಕಾಫಿ ನಮ್ಮ ಮನೆಯದು. ಕಾರನ್ನು ರಾತ್ರಿಯೇ ತೆಗೆದು ತಮ್ಮನ ಮನೆಯಲ್ಲಿ ನಿಲ್ಲಿಸುತ್ತೇನೆ. ಯಾರಾದರೂ ಉದ್ದನೆಯ ಟೇಪ್ ತನ್ನಿ. ನಮ್ಮಲ್ಲಿರುವುದು 15 ಮೀಟರಿನದು, ಅದೂ ಒಂಬತ್ತಕ್ಕೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ.